ಮಹಾಮಾರಿಯ ಮೊದಲ ದಿನಗಳು ಮತ್ತು ಶ್ರಾವಕನ ವ್ರತ

ಸಂಸಾರಿ ಜೀವನಿಗೆ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಅನಾದಿಯಿಂದ ಅಂಟಿಕೊಂಡು ಬಂದಿವೆಯೆಂದು ಪೂರ್ವಾಚಾರ್ಯರು ಹೇಳಿರುವರು. ಇರುವೆಯಿಂದ ಆನೆಯವರೆಗೆ, ದೀನನಿಂದ ದೊರೆಯವರೆಗೆ ಇವುಗಳಿಗೆ ಹೊರತಾದವರಿಲ್ಲ. ನೆಮ್ಮದಿಯ ದಿನಗಳಲ್ಲಿ ಈ ಸಂಜ್ಞೆಗಳು ಸಭ್ಯತೆಯ ಹೊದಿಕೆಯೊಳಗೆ ಮಲಗಿರುತ್ತವೆ. ಊರಿಗೆ ಮಹಾಮಾರಿ ಬಂದಿತೆಂಬ ಸುದ್ದಿ ಕಿವಿಗೆ ಬಿದ್ದೊಡನೆ ಅವು ಎದ್ದು ಬೀದಿಗೆ ಬರುತ್ತವೆ. ಅಂಗಡಿಯ ಮುಂದೆ ನೂಕುನುಗ್ಗಲಾಗುವುದು ಆಹಾರಸಂಜ್ಞೆ. ಮೂಟೆಯ ಮೇಲೆ ಮೂಟೆ ಏರುವುದು ಪರಿಗ್ರಹಸಂಜ್ಞೆ. ನೆರೆಯವನು ಕೆಮ್ಮಿದರೆ ಬಾಗಿಲು ಬಡಿದುಕೊಳ್ಳುವುದು ಭಯಸಂಜ್ಞೆ. ಈ ಕಾರಣದಿಂದ ಮಹಾಮಾರಿಯ ಮೊದಲ ದಿನಗಳು ವೈದ್ಯರಿಗೆ ಹೇಗೋ ಹಾಗೆ ಧರ್ಮಜಿಜ್ಞಾಸುಗಳಿಗೂ ಪರೀಕ್ಷಣೀಯವಾದವು.

2020ನೆಯ ಇಸವಿಯ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಇನ್ನೊಂದು ವಿಚಿತ್ರವೂ ಕಾಣಿಸಿತು. ಶಾಸ್ತ್ರಗಳು ಶ್ರಾವಕನಿಗೆ ಶತಮಾನಗಳಿಂದ ಉಪದೇಶಿಸುತ್ತ ಬಂದ ಹಲವು ನಿಯಮಗಳನ್ನು ಜನರೆಲ್ಲರೂ ಒಂದೇ ವಾರದಲ್ಲಿ ಆಚರಣೆಗೆ ತಂದರು. ಗಡಿಯಾಚೆ ಹೋಗಲಿಲ್ಲ; ಹೊರಗಿನ ಅನ್ನವನ್ನು ಉಣ್ಣಲಿಲ್ಲ; ನೀರನ್ನು ಕಾಯಿಸಿ ಕುಡಿದರು; ಅನೇಕರು ಮಾಂಸವನ್ನೂ ಬಿಟ್ಟರು. ಇದನ್ನು ಕಂಡು, ಲೋಕವೇ ಜೈನಾಚಾರಕ್ಕೆ ತಲೆಬಾಗಿತೆಂದು ಹಿಗ್ಗಿದವರುಂಟು. ಇಲ್ಲಿಯೇ ಪ್ರಶ್ನೆ ಏಳುತ್ತದೆ. ಭಯದಿಂದ ಮಾಡಿದ ತ್ಯಾಗವು ವ್ರತವಾಗುವುದೇ? ಆಗದಿದ್ದಲ್ಲಿ, ಭಯಪಟ್ಟ ಮನುಷ್ಯನು ತಪ್ಪಿತಸ್ಥನೇ? ಮುಚ್ಚಿದ ಬಾಗಿಲು ಯಾವಾಗ ಹಿಂಸೆ, ಯಾವಾಗ ಅಹಿಂಸೆ?

ರೋಗಕ್ಕಿಂತ ಮುಂಚೆ ಬಂದದ್ದು

ಭಾರತದಲ್ಲಿ ಕೊರೋನಾದ ಮೊದಲ ರೋಗಿಯು 2020ರ ಜನವರಿ 30ರಂದು ಕೇರಳದಲ್ಲಿ ಪತ್ತೆಯಾದಳು. ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ಮೃತರಾದರು. ದೇಶದಲ್ಲಿ ಈ ರೋಗದಿಂದಾದ ಮೊದಲ ಮರಣ ಅದೆಂದು ಎರಡು ದಿನಗಳ ತರುವಾಯ ಗೊತ್ತಾಯಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ, 24ರ ರಾತ್ರಿ ಲಾಕ್‌ಡೌನಿನ ಘೋಷಣೆ, 25ರಂದು ಯುಗಾದಿ. ಹೊಸ ಸಂವತ್ಸರದ ದಿನವೇ ಕನ್ನಡನಾಡಿನ ಮನೆಗಳ ಬಾಗಿಲುಗಳು ಮುಚ್ಚಿದ್ದವು. ಏಪ್ರಿಲ್ 6ರ ಮಹಾವೀರ ಜಯಂತಿಯಂದು ರಥವಿಲ್ಲ, ಮೆರವಣಿಗೆಯಿಲ್ಲ. ಅಭಿಷೇಕವನ್ನು ನೋಡಲು ಬಸದಿಗೆ ಹೋಗುವಂತಿರಲಿಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ ಏಪ್ರಿಲ್ ಕೊನೆಯವರೆಗೂ ರೋಗಿಗಳು ಬೆರಳೆಣಿಕೆಯಷ್ಟೂ ಇರಲಿಲ್ಲವೆಂದೇ ಹೇಳಬಹುದು. ಭಯವು ಮಾತ್ರ ಅದಾಗಲೇ ಬಂದು ನೆಲೆಸಿತ್ತು. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ಕೂಲಿ, ನೌಕರಿ, ವಿದ್ಯಾಭ್ಯಾಸಗಳಿಗಾಗಿ ರಾಜಧಾನಿಗೆ ಹೋದವರು ಈ ದಾರಿಯಿಂದಲೇ ಹುಟ್ಟೂರುಗಳಿಗೆ ಮರಳಬೇಕು. ಯುಗಾದಿಗೆ ಮಗನು ಬರುವನೆಂದು ಪ್ರತಿವರ್ಷ ದಾರಿ ಕಾಯುತ್ತಿದ್ದ ಊರುಗಳು ಆ ವರ್ಷ ಮಗನು ಬಂದನೆಂದು ಬೆದರಿದವು. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ದಾರಿಗೆ ಮುಳ್ಳು ಹಾಕಿ, ಮರ ಕಡಿದು ಅಡ್ಡಗೆಡವಿ, ಹೊರಗಿನವರಿಗೆ ಪ್ರವೇಶವಿಲ್ಲವೆಂದು ಹಲಗೆ ಬರೆದು ನಿಲ್ಲಿಸಿದರು. ಆ ಹೊರಗಿನವನು ನಿನ್ನೆಯವರೆಗೆ ಒಳಗಿನವನೇ ಆಗಿದ್ದನೆಂಬುದು ಯಾರ ನೆನಪಿಗೂ ಬರಲಿಲ್ಲ.

ಹೊರದೇಶಗಳಿಂದ ಬಂದವರ ಮುಂಗೈಗೆ ಅಳಿಯದ ಮಸಿಯ ಮುದ್ರೆ ಬಿದ್ದಿತು. ಅವರ ಮನೆಗಳ ಬಾಗಿಲಿಗೆ ಸೂಚನಾಪತ್ರ ಅಂಟಿತು. ರೋಗ ತಡೆಯಲೆಂದು ಮಾಡಿದ ಈ ಗುರುತುಗಳು ನೆರೆಹೊರೆಯವರ ಕಣ್ಣಿಗೆ ಅಪರಾಧದ ಗುರುತುಗಳಂತೆ ಕಂಡವು. ಮಾರ್ಚ್ 22ರ ಸಂಜೆ ಐದು ಗಂಟೆಗೆ ವೈದ್ಯರ ಗೌರವಾರ್ಥವಾಗಿ ಚಪ್ಪಾಳೆ ತಟ್ಟಿದ ದೇಶದಲ್ಲಿಯೇ, ಅದೇ ವಾರ, ವೈದ್ಯರನ್ನೂ ದಾದಿಯರನ್ನೂ ಬಾಡಿಗೆಮನೆ ಬಿಡಿರೆಂದು ಒತ್ತಾಯಿಸಿದ ಮಾಲೀಕರಿದ್ದರು. ಮೈಸೂರಿನ ಅಂಗಡಿಯೊಂದರಲ್ಲಿ ನಾಗಾಲ್ಯಾಂಡಿನ ಯುವಕರನ್ನು ಮುಖಚಹರೆಯ ಕಾರಣದಿಂದ ಒಳಗೆ ಬಿಡಲಿಲ್ಲ. ದೇಶದ ಹಲವೆಡೆ ಮುಸ್ಲಿಂ ತರಕಾರಿ ಮಾರಾಟಗಾರರನ್ನು ಬೀದಿಯಿಂದ ಅಟ್ಟಿದರು. ಚೆನ್ನೈಯಲ್ಲಿ ರೋಗಿಗಳ ಸೇವೆ ಮಾಡಿ ಮೃತರಾದ ವೈದ್ಯರೊಬ್ಬರ ಶವಸಂಸ್ಕಾರಕ್ಕೂ ಜನ ಅಡ್ಡಬಂದರು. ಇವನ್ನೆಲ್ಲ ಮಾಡಿದವರು ದುಷ್ಟರೆಂದು ಹೇಳಿಬಿಡುವುದು ಸುಲಭ. ಆದರೆ ಅವರಲ್ಲಿ ಬಹುಮಂದಿ ಸಾಧಾರಣ ಗೃಹಸ್ಥರು, ಮಕ್ಕಳೊಂದಿಗರು, ಬೇರೆ ದಿನಗಳಲ್ಲಿ ಬಾಯಾರಿದವನಿಗೆ ನೀರು ಕೊಡುವವರು. ವಿಚಾರ ಮಾಡಬೇಕಾದದ್ದು ಈ ಕಾರಣದಿಂದಲೇ.

ಹಿಂದಿನ ಮಾರಿಗಳ ಪಾಠ

ಇದು ಹೊಸದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯ ಮಾರ್ಗವಾಗಿ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ರೋಗವು ಬಂದದ್ದು ರೈಲಿನಲ್ಲಿ. ಹುಬ್ಬಳ್ಳಿ ಬೆಂಗಳೂರುಗಳ ನಡುವಣ ಆ ರೈಲುದಾರಿಯು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರನ್ನೂ ಹೊಸದುರ್ಗ ರೋಡ್ ನಿಲ್ದಾಣವನ್ನೂ ಹಾದುಹೋಗುವುದು ಈ ಸೀಮೆಯ ಜನರಿಗೆ ತಿಳಿದೇ ಇದೆ. ಅದೇ 1898ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹಿರಿಯೂರಿನ ಬಳಿ ವೇದಾವತಿಗೆ ಮಾರಿಕಣಿವೆಯ ಕಟ್ಟೆಯ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಬರದ ಭಯವನ್ನು ನೀಗಲು ಸಂಸ್ಥಾನವು ಕಲ್ಲಿನ ಗೋಡೆ ಎತ್ತುತ್ತಿದ್ದ ಕಾಲದಲ್ಲಿಯೇ ರೋಗದ ಭಯಕ್ಕೆ ಜನರು ಗೋಡೆಗಳನ್ನು ತೊರೆದು ಬಯಲಿಗೆ ಹೋಗುತ್ತಿದ್ದರು.

ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡಬೇಕೆಂಬುದು ಅಂದಿನ ಹಿರಿಯರ ಅನುಭವದ ತಿಳುವಳಿಕೆ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುವುದೆಂಬ ಸಂಗತಿ ವಿದ್ವಾಂಸರಲ್ಲಿ ಇತ್ಯರ್ಥವಾಗುವುದಕ್ಕೆ ಮುನ್ನವೇ ಜನ ಗಂಟುಮೂಟೆ ಕಟ್ಟಿ ಹೊಲಗದ್ದೆಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು ಬದುಕಿಕೊಂಡರು. ಅಲ್ಲಿ ಭಯವು ಸರಿಯಾದ ದಾರಿಯನ್ನೇ ತೋರಿಸಿತು. ಆದರೆ ಅದೇ ಭಯವು ರೋಗಿಗಳನ್ನು ಅಡಗಿಸಿಡುವುದನ್ನೂ ಕಲಿಸಿತು. ಶಿಬಿರಕ್ಕೆ ಒಯ್ಯುವರೆಂಬ ಅಂಜಿಕೆಯಿಂದ ಜ್ವರವನ್ನು ಮುಚ್ಚಿಟ್ಟರು. ಮೈಸೂರು ಸರ್ಕಾರವು ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿ ಕಟ್ಟುನಿಟ್ಟು ಮಾಡಿದಾಗ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ದಂಗೆಯೇ ಆಯಿತು.

1918ರ ಇನ್‌ಫ್ಲುಯೆಂಜಾದಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪು ನಡೆಯಿತು. ಬೇಸಗೆಯ ಕೊನೆಗೆ ಬಂದ ಮೊದಲ ಅಲೆ ಸೌಮ್ಯವಾಗಿತ್ತಾಗಿ, ನೆಗಡಿಜ್ವರವೆಂದು ಜನ ಉಪೇಕ್ಷಿಸಿದರು. ಸೆಪ್ಟೆಂಬರಿನ ಸುಮಾರಿಗೆ ಮರಳಿ ಬಂದ ಅದೇ ಜ್ವರವು ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದಿತು. 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಏರುವ ಬದಲು ಇಳಿಯಿತು. ಬೆದರಿ ಓಡುವುದು, ನಕ್ಕು ಉಪೇಕ್ಷಿಸುವುದು ಇವೆರಡೂ ಒಂದೇ ಬೇರಿನ ಎರಡು ಕೊಂಬೆಗಳು. ಆ ಬೇರಿನ ಹೆಸರು ಪ್ರಮಾದ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನು ಮುಂದಿರಿಸಿರುವುದನ್ನು ಸ್ವಾಧ್ಯಾಯ ಮಾಡುವವರು ಬಲ್ಲರು. ಎಚ್ಚರ ತಪ್ಪಿದ ಮನಸ್ಸಿನಿಂದ ನಡೆದ ಪ್ರಾಣಘಾತವೇ ಹಿಂಸೆ. ಗಾಬರಿಯಾದವನೂ ಎಚ್ಚರ ತಪ್ಪಿದವನೇ, ಲಕ್ಷ್ಯವಿಲ್ಲದವನೂ ಎಚ್ಚರ ತಪ್ಪಿದವನೇ.

ಭಯ ಪಾಪವೇ?

ಈಗ ಮೊದಲ ಪ್ರಶ್ನೆಗೆ ಬರಬಹುದು. ಇಹಲೋಕಭಯ, ಪರಲೋಕಭಯ, ವೇದನಾಭಯ, ಮರಣಭಯ, ಅತ್ರಾಣಭಯ, ಅಗುಪ್ತಿಭಯ, ಆಕಸ್ಮಿಕಭಯ ಎಂದು ಭಯಗಳು ಏಳು. ಮಹಾಮಾರಿಯ ಮೊದಲ ವಾರದಲ್ಲಿ ಈ ಏಳೂ ಒಂದೇ ಮನೆಯಲ್ಲಿ ಇಳಿದುಕೊಂಡಿದ್ದವೆಂದರೆ ಅತಿಶಯೋಕ್ತಿಯಲ್ಲ. ಸಂಪಾದನೆ ನಿಂತಿತೆಂಬ ಇಹಲೋಕಭಯ. ಉಸಿರು ಕಟ್ಟುವುದೆಂಬ ವೇದನಾಭಯ. ಆಸ್ಪತ್ರೆಯಲ್ಲಿ ಜಾಗವಿಲ್ಲದಿದ್ದರೆ ಕಾಯುವವರಾರೆಂಬ ಅತ್ರಾಣಭಯ. ಕಣ್ಣಿಗೆ ಕಾಣದ ಅಣುವಿನಿಂದ ಅಡಗಿಕೊಳ್ಳಲು ಭದ್ರವಾದ ತಾವಿಲ್ಲವೆಂಬ ಅಗುಪ್ತಿಭಯ. ನಾಳೆ ಏನೊದಗುವುದೋ ಎಂಬ ಆಕಸ್ಮಿಕಭಯ. ಇವೆಲ್ಲದರ ಹಿಂದೆ ಮರಣಭಯ.

ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನಾದುದರಿಂದ ನಿಃಶಂಕನೆಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ನಿರೂಪಿಸಿರುವರು. ಇದನ್ನು ಓದಿ ಕೆಲವರು, ಧರ್ಮಾತ್ಮನಿಗೆ ರೋಗದ ಅಂಜಿಕೆ ಏಕೆ, ಮಾಸ್ಕ್ ಏಕೆ, ದೂರ ನಿಲ್ಲುವುದೇಕೆ ಎಂದು ವಾದಿಸಿದರು. ಇದು ಏಕಾಂತಗ್ರಹಣ. ಭಯವೆಂಬುದು ನವ ನೋಕಷಾಯಗಳಲ್ಲಿ ಒಂದು. ಚಾರಿತ್ರಮೋಹನೀಯದ ಉದಯದಿಂದ ಆಗುವಂಥದು. ದರ್ಶನಮೋಹ ಕಳೆದ ಗೃಹಸ್ಥನಲ್ಲಿಯೂ ಅದು ಉಳಿದಿರುತ್ತದೆ. ಹಾವು ಕಂಡಾಗ ಅವನ ಕಾಲೂ ಹಿಂದಕ್ಕೆ ಸರಿಯುತ್ತದೆ. ಅವನಲ್ಲಿ ಇಲ್ಲದಿರುವುದು ದೇಹದೊಡನೆ ಆತ್ಮವೂ ಅಳಿಯುವುದೆಂಬ ಭ್ರಾಂತಿ. ಆದ್ದರಿಂದ ಅವನಿಗೆ ಭಯ ಬರುತ್ತದೆ, ಆದರೆ ಮನೆಯ ಯಜಮಾನಿಕೆಯನ್ನು ಅವನು ಅದರ ಕೈಗೆ ಕೊಡುವುದಿಲ್ಲ. ಅಂಜಿದ್ದಕ್ಕಾಗಿ ಯಾರನ್ನೂ ನಿಂದಿಸಲಾಗದು. ಅಂಜಿಕೆಯ ಮಾತು ಕೇಳಿ ಇನ್ನೊಂದು ಜೀವಕ್ಕೆ ಬಾಗಿಲು ಹಾಕಿದ್ದು ಮಾತ್ರ ವಿಚಾರಣೆಗೆ ಒಳಪಡುತ್ತದೆ.

ಕೈ ತೊಳೆಯುವುದರಿಂದ, ಔಷಧಿ ಸಿಂಪಡಿಸುವುದರಿಂದ ಸೂಕ್ಷ್ಮಜೀವಿಗಳ ಹಿಂಸೆಯಾಗುವುದಿಲ್ಲವೇ ಎಂದು ಶಂಕಿಸಿದವರೂ ಇದ್ದರು. ಗೃಹಸ್ಥನು ಬಿಟ್ಟಿರುವುದು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅವನಿಗೆ ಪೂರ್ಣವಾಗಿ ತಪ್ಪವು. ಯತ್ನಾಚಾರದಿಂದ ಅವನ್ನು ಕಡಿಮೆ ಮಾಡಿಕೊಳ್ಳುವುದಷ್ಟೇ ಅವನ ಕರ್ತವ್ಯ. ಈ ಶಂಕೆಯ ನೆಪದಲ್ಲಿ ಶುಚಿತ್ವವನ್ನು ಬಿಟ್ಟು ಮನೆಯ ಹಿರಿಯರಿಗೆ ರೋಗ ತಗುಲಿಸಿದರೆ, ಇಲ್ಲದ ಹಿಂಸೆಯನ್ನು ತಪ್ಪಿಸಲು ಹೋಗಿ ಇರುವ ಹಿಂಸೆಯನ್ನು ಕೈಯಾರೆ ಮಾಡಿದಂತಾಯಿತು.

ಭಯದ ತ್ಯಾಗವೂ ವ್ರತದ ತ್ಯಾಗವೂ

ಕೋಳಿಮಾಂಸದಿಂದ ರೋಗ ಬರುವುದೆಂಬ ಸುಳ್ಳುಸುದ್ದಿ 2020ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಎಲ್ಲೆಡೆ ಹಬ್ಬಿತು. ಜನ ಕೋಳಿ ತಿನ್ನುವುದನ್ನು ಬಿಟ್ಟರು. ಅಹಿಂಸೆ ಗೆದ್ದಿತೆಂದು ಸಂತೋಷಪಟ್ಟವರು ಮುಂದಿನದನ್ನು ಕೇಳಬೇಕು. ಬೆಲೆ ಕುಸಿದು ಕೊಳ್ಳುವವರಿಲ್ಲದಾಗ ಬೆಳಗಾವಿ, ಕೋಲಾರ ಜಿಲ್ಲೆಗಳಲ್ಲಿ ಸಾಕಣೆದಾರರು ಸಾವಿರಾರು ಕೋಳಿಗಳನ್ನು ಗುಂಡಿ ತೆಗೆದು ಜೀವಂತವಾಗಿ ಹೂಳಿದರು. ತಿನ್ನುವವರು ಮಾಂಸವನ್ನು ಬಿಟ್ಟಿದ್ದರು, ಆದರೆ ಆ ಕೋಳಿಗಳಿಗೆ ಅಭಯ ದೊರೆಯಲಿಲ್ಲ. ಬಿಟ್ಟವನ ದೃಷ್ಟಿ ತನ್ನ ಮೈಯ ಮೇಲಿತ್ತು, ಪಕ್ಷಿಯ ಪ್ರಾಣದ ಮೇಲೆ ಇರಲಿಲ್ಲ. ಸುದ್ದಿ ಸುಳ್ಳೆಂದು ತಿಳಿದ ಮೇಲೆ ತಟ್ಟೆಗೆ ಮಾಂಸವೂ ಮರಳಿತು. ಭಯಮೂಲವಾದ ತ್ಯಾಗದ ಆಯುಷ್ಯವೂ ಫಲವೂ ಇಷ್ಟೇ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಲಾಕ್‌ಡೌನಿನ ವಿಷಯವೂ ಹಾಗೆಯೇ. ಇಷ್ಟು ಕಾಲ ಈ ಬೀದಿಯನ್ನು ದಾಟುವುದಿಲ್ಲವೆಂದು ತಾನಾಗಿ ನಿಯಮ ಮಾಡಿಕೊಳ್ಳುವುದು ದೇಶವ್ರತ. ಪೊಲೀಸರ ಲಾಠಿಗೆ ಹೆದರಿ ಬೀದಿ ದಾಟದಿರುವುದು ಹೊರನೋಟಕ್ಕೆ ಅದರಂತೆಯೇ ಕಂಡರೂ ಒಳಗೆ ಬೇರೆ. ಸೆರೆಮನೆಯಲ್ಲಿ ಹಸಿವು ಬಾಯಾರಿಕೆಗಳನ್ನು ಬೇರೆ ದಾರಿಯಿಲ್ಲದೆ ಸಹಿಸಿದವನಿಗೆ ಆಗುವುದು ಅಕಾಮನಿರ್ಜರೆ ಮಾತ್ರವೆಂದು ಆಚಾರ್ಯರು ಹೇಳುತ್ತಾರೆ. ಅದು ನಿಷ್ಫಲವಲ್ಲ, ಮೋಕ್ಷಮಾರ್ಗವೂ ಅಲ್ಲ. ಸೆರೆವಾಸಿಯ ಹಸಿವು ಉಪವಾಸವಾಗದು. ಆದರೆ ಒಂದು ವಿಶೇಷವನ್ನು ಮರೆಯಬಾರದು. ಅದೇ ಸೆರೆಯಲ್ಲಿ, ಅದೇ ಹಸಿವಿನಲ್ಲಿ, ಮನುಷ್ಯನು ಮನಸ್ಸನ್ನು ತಿರುಗಿಸಿಕೊಂಡರೆ ಆ ಕ್ಷಣದಿಂದ ಅದು ತಪವಾಗಬಲ್ಲುದು. ಹೊರಗಿನ ಬಾಗಿಲನ್ನು ಸರ್ಕಾರ ಹಾಕಿತು. ಅದನ್ನು ವ್ರತವಾಗಿ ಸ್ವೀಕರಿಸುವುದು ಬಿಡುವುದು ಗೃಹಸ್ಥನ ಕೈಯಲ್ಲಿಯೇ ಇದ್ದಿತು.

ಹೀಗೆ ತಿರುಗಿಸಿಕೊಳ್ಳುವುದಕ್ಕೆ ಒಂದೇ ಅಳತೆಗೋಲು: ಈ ನಿಯಮದಿಂದ ಯಾರ ಪ್ರಾಣ ಕಾಯಲ್ಪಡುತ್ತಿದೆ? ಜೈನ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುವ ಜಲಗಾಲನದ ಸಂಪ್ರದಾಯವಿದೆ. ಆ ಬಟ್ಟೆ ಇರುವುದು ನೀರಿನೊಳಗಿನ ಜೀವಗಳನ್ನು ಮನುಷ್ಯನಿಂದ ಕಾಪಾಡಲು. ಸೋಸಿದ ಮೇಲೆ ಉಳಿದ ಜೀವಾಣಿಯನ್ನು ಅದೇ ಜಲಾಶಯಕ್ಕೆ ಮರಳಿಸುವುದೂ ಆ ವಿಧಿಯ ಅಂಗ. ನಮ್ಮವರು ಈ ಕ್ರಮವನ್ನು ಆರೋಗ್ಯಕ್ಕಾಗಿ ಮೊದಲೇ ಕಂಡುಹಿಡಿದಿದ್ದರೆಂದು ಹೆಮ್ಮೆಪಡುವಾಗ ಬಟ್ಟೆಯ ಮುಖವನ್ನೇ ತಿರುವಿ ಹಾಕಿದಂತಾಗುತ್ತದೆ. 2020ರ ಏಪ್ರಿಲ್ ಮೊದಲ ವಾರದಲ್ಲಿ ಸರ್ಕಾರವು ಮನೆಯಲ್ಲಿ ಹೊಲಿದ ಬಟ್ಟೆಯಿಂದ ಬಾಯಿ ಮೂಗು ಮುಚ್ಚಿಕೊಳ್ಳಲು ಸೂಚಿಸಿತು. ಧರಿಸಿದವನ ಉಸಿರಿನ ಹನಿಗಳು ಎದುರಿನವನಿಗೆ ತಾಗದಿರಲೆಂಬುದು ಅದರ ಮುಖ್ಯ ಪ್ರಯೋಜನವೆಂದು ವೈದ್ಯರು ತಿಳಿಸಿದರು. ಹಾಗೆ ತಿಳಿದು ಕಟ್ಟಿಕೊಂಡವನ ಬಟ್ಟೆ ಜಲಗಾಲನದ ಬಟ್ಟೆಗೆ ಸಮಾನವಾಯಿತು. ದಂಡಕ್ಕೆ ಹೆದರಿ ಗದ್ದಕ್ಕೆ ಇಳಿಬಿಟ್ಟವನ ಬಟ್ಟೆ ಬಟ್ಟೆಯಾಗಿಯೇ ಉಳಿಯಿತು.

1921ನೆಯ ಇಸವಿಯ ಜನಗಣತಿಯ ಪಾಠ ಮರೆತಿದ್ದವರಿಗೆ ನೂರು ವರ್ಷಗಳ ತರುವಾಯ 2021 ಮತ್ತೆ ಅದನ್ನೇ ಕಲಿಸಿತು. ಮೊದಲ ಭಯ ಕರಗಿದೊಡನೆ ಮದುವೆ, ಜಾತ್ರೆ, ಸಭೆಗಳು ಹಿಂದಿನಂತೆ ಕೂಡಿದವು; ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಬಂದಾಗ ಅನೇಕ ಮನೆಗಳು ದೀಪವಿಲ್ಲದಂತಾದವು. ಭಯದಿಂದ ಕಟ್ಟಿದ ಕಟ್ಟು ಭಯದೊಡನೆಯೇ ಬಿಚ್ಚಿಹೋಯಿತು.

ಜುಗುಪ್ಸೆ ಇರುವಲ್ಲಿ ಮುಚ್ಚುಮರೆ

ಭಯದ ಪಕ್ಕದಲ್ಲಿಯೇ ನೋಕಷಾಯಗಳಲ್ಲಿ ಇನ್ನೊಂದುಂಟು, ಜುಗುಪ್ಸೆ. ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಯು ಇದಕ್ಕೆ ಮದ್ದು. ಅದಕ್ಕೆ ದೃಷ್ಟಾಂತವಾಗಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉದ್ದಾಯನ ರಾಜನನ್ನು ಹೆಸರಿಸಿದ್ದಾರೆ. ದೇವನೊಬ್ಬನು ಕುಷ್ಠರೋಗಿಯಾದ ಮುನಿಯ ವೇಷದಿಂದ ಬಂದು, ಅರಮನೆಯಲ್ಲಿ ಆಹಾರ ಸ್ವೀಕರಿಸಿ ದುರ್ಗಂಧದ ವಾಂತಿ ಮಾಡಿದನು. ಪರಿಜನರೆಲ್ಲ ಓಡಿಹೋದರು. ರಾಜ ರಾಣಿಯರ ಮೈಮೇಲೂ ವಾಂತಿ ಬಿದ್ದಿತು. ಉದ್ದಾಯನನು ಮುಖ ತಿರುಗಿಸಲಿಲ್ಲ. ತಾನು ಕೊಟ್ಟ ಆಹಾರವೇ ಮುನಿಗೆ ಒಗ್ಗಲಿಲ್ಲವೇನೋ ಎಂದು ತನ್ನನ್ನೇ ಹಳಿದುಕೊಂಡು ನೀರಿನಿಂದ ಅವನ ಮೈ ತೊಳೆದನು.

ಈ ಕಥೆ ಕೇಳಿದವರಿಗೆ ಒಂದು ಸಂದೇಹ ಬರಬಹುದು. ಅಂಟುರೋಗದಲ್ಲಿ ಉದ್ದಾಯನನಂತೆ ಮೈಮುಟ್ಟಿ ಸೇವೆ ಮಾಡಿದರೆ ಸೇವೆ ಮಾಡಿದವನಿಗೂ ಅವನ ಮನೆಮಂದಿಗೂ ರೋಗ ಹರಡುವುದಿಲ್ಲವೇ? ಹರಡುವುದು ನಿಜ. ಆದರೆ ಕಥೆಯ ಸಾರವು ಮುಟ್ಟುವುದರಲ್ಲಿಲ್ಲ, ಓಡಿಹೋಗದಿರುವುದರಲ್ಲಿದೆ. ದೂರವಿರುವುದು ಬೇರೆ, ದೂರ ಮಾಡುವುದು ಬೇರೆ. ಬೆಂಗಳೂರಿನಿಂದ ಹೊಸದುರ್ಗದ ಕಡೆಯ ತನ್ನೂರಿಗೆ ಮರಳಿದ ಒಬ್ಬ ಯುವಕನನ್ನು ಊಹಿಸಿಕೊಳ್ಳಬಹುದು. ತಂದೆ ಅವನನ್ನು ಮನೆಗೆ ಸೇರಿಸದೆ ಹದಿನಾಲ್ಕು ದಿನ ತೆಂಗಿನ ತೋಟದ ಮನೆಯಲ್ಲಿ ಇರಿಸುತ್ತಾನೆ. ಇದು ಎರಡು ಬಗೆಯಾಗಿ ನಡೆಯಬಹುದು. ತಂದೆಯು ಹೊತ್ತುಹೊತ್ತಿಗೆ ಬುತ್ತಿ ತಂದು ಜಗುಲಿಯ ಮೇಲಿಟ್ಟು, ಹತ್ತು ಮಾರು ದೂರ ಕುಳಿತು ಮಗನು ಉಣ್ಣುವವರೆಗೆ ಮಾತನಾಡುತ್ತಿದ್ದರೆ ಅದು ನಿರ್ವಿಚಿಕಿತ್ಸೆ. ಬೀಗದ ಕೈ ಎಸೆದು, ಊರವರ ಮುಂದೆ ಅವನು ತನ್ನ ಮಗನೇ ಅಲ್ಲವೆಂಬಂತೆ ನಡೆದುಕೊಂಡರೆ ಅದು ಜುಗುಪ್ಸೆ. ತೋಟ ಒಂದೇ, ಬಾಗಿಲು ಒಂದೇ, ದಿನಗಳ ಲೆಕ್ಕವೂ ಒಂದೇ. ಸೂತಕದ ದಿನಗಳಲ್ಲಿ ಯಾರನ್ನೂ ದ್ವೇಷಿಸದೆ ಪ್ರತ್ಯೇಕವಾಗಿ ಇರುವ ಅಭ್ಯಾಸವು ನಮ್ಮ ಮನೆಗಳಿಗೆ ಇದ್ದೇ ಇದೆ. ಅಂಟುರೋಗದಲ್ಲಿ ಬೇಕಾದದ್ದೂ ಅಂಥ ದ್ವೇಷರಹಿತವಾದ ಪ್ರತ್ಯೇಕತೆಯೇ.

ಇದು ಕೇವಲ ಮನೋಭಾವದ ಮಾತಲ್ಲ. ಇದರಿಂದ ರೋಗದ ಗತಿಯೇ ಬದಲಾಗುತ್ತದೆ. 1898ರಲ್ಲಿ ಜನ ರೋಗಿಗಳನ್ನು ಅಡಗಿಸಿದ್ದು, 2020ರಲ್ಲಿ ಅನೇಕರು ತಾವು ಎಲ್ಲಿಂದ ಬಂದೆವೆಂಬುದನ್ನು ಮರೆಮಾಚಿದ್ದು, ಎರಡಕ್ಕೂ ಕಾರಣ ರೋಗದ ಭಯಕ್ಕಿಂತ ನೆರೆಯವರ ತಿರಸ್ಕಾರದ ಭಯ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಜ್ವರವುಂಟೇ ಎಂದು ಕೇಳಿದಾಗ ಇಲ್ಲವೆಂದ ಬಾಯಿ, ಬೀದಿಯವರ ನಾಲಗೆಗೆ ಅಂಜಿ ಹಾಗೆಂದಿತು. ಜುಗುಪ್ಸೆ ಇರುವಲ್ಲಿ ಮುಚ್ಚುಮರೆ ಹುಟ್ಟುತ್ತದೆ. ಮುಚ್ಚುಮರೆಯಲ್ಲಿ ರೋಗ ಬೆಳೆಯುತ್ತದೆ. ರೋಗಿಯನ್ನು ಹೀನೈಸದ ಬೀದಿಯಲ್ಲಿ ಜ್ವರ ಬಂದವನು ತಾನಾಗಿ ಹೇಳಿಕೊಳ್ಳುತ್ತಾನೆ, ಹೇಳಿಕೊಂಡದ್ದರಿಂದ ಹತ್ತು ಮನೆಗಳು ಉಳಿಯುತ್ತವೆ.

ಅಂಗಡಿಯವನೂ ಸುದ್ದಿಗಾರನೂ

ಹೊಳಲ್ಕೆರೆಯಂತಹ ಊರಿನಲ್ಲಿ ಕಿರಾಣಿ ಅಂಗಡಿ ನಡೆಸುವ ಶ್ರಾವಕನೊಬ್ಬನನ್ನು ಮನಸ್ಸಿಗೆ ತಂದುಕೊಂಡರೆ ಮಾರ್ಚ್ 24ರ ರಾತ್ರಿಯ ಧರ್ಮಸಂಕಟ ಸ್ಪಷ್ಟವಾಗುವುದು. ಅಂಗಡಿಯ ಮುಂದೆ ಜನ ಮುತ್ತಿದ್ದಾರೆ. ಹಣವಿದ್ದವನು ಮೂರು ತಿಂಗಳ ಅಕ್ಕಿ ಕೇಳುತ್ತಾನೆ. ದಿನಗೂಲಿಯವನ ಕೈಯಲ್ಲಿ ಎರಡು ದಿನದ ಹಣವಿದೆ. ಕೇಳಿದವನಿಗೆಲ್ಲ ಕೇಳಿದಷ್ಟು ಕೊಡುವುದು ವ್ಯಾಪಾರಕ್ಕೆ ಸಹಜ. ಆದರೆ ಮೊದಲ ಐವರಿಗೆ ಮೂಟೆ ಹೋದರೆ ಐವತ್ತನೆಯವನಿಗೆ ಚೀಲ ಬರಿದು. ಸಮಂತಭದ್ರಾಚಾರ್ಯರು ಪರಿಗ್ರಹಪರಿಮಾಣವ್ರತದ ಅತೀಚಾರಗಳಲ್ಲಿ ಅತಿಸಂಗ್ರಹವನ್ನೂ ಅತಿಲೋಭವನ್ನೂ ಪ್ರತ್ಯೇಕವಾಗಿ ಎಣಿಸಿದ್ದಾರೆ. ಮುಂದೆ ಬೆಲೆಯೇರುವುದೆಂದು ಧಾನ್ಯವನ್ನು ಕೂಡಿಡುವುದು ಅತಿಸಂಗ್ರಹ. ರಾಜ್ಯವು ಕಲಕಿದ ಕಾಲದಲ್ಲಿ ನ್ಯಾಯದ ಬೆಲೆ ಮೀರಿ ಲಾಭ ದೋಚುವುದು ಅಚೌರ್ಯಾಣುವ್ರತಕ್ಕೆ ಕಲೆ. 2020ರ ಮಾರ್ಚಿನಲ್ಲಿ ಮಾಸ್ಕ್ ಮತ್ತು ಸ್ಯಾನಿಟೈಸರುಗಳನ್ನು ಅವಶ್ಯಕ ವಸ್ತುಗಳೆಂದು ಸಾರಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಕೇಂದ್ರ ಸರ್ಕಾರ ಬೆಲೆ ಕಟ್ಟಬೇಕಾಗಿ ಬಂದದ್ದು, ಅಣುವ್ರತವು ಅಂಗಡಿಗಳಲ್ಲಿ ಎಷ್ಟು ಅಪರೂಪವೆಂಬುದಕ್ಕೆ ಸಾಕ್ಷಿ. ಪ್ರತಿಯೊಬ್ಬನಿಗೂ ಇಷ್ಟೇ ಎಂದು ಅಳತೆ ಕಟ್ಟಿ ನಿನ್ನೆಯ ಬೆಲೆಗೇ ತೂಗಿದವನು ಆ ರಾತ್ರಿ ತಕ್ಕಡಿಯ ಮುಂದೆಯೇ ವ್ರತವನ್ನು ಪಾಲಿಸಿದನು.

ಕೊಳ್ಳುವವನಿಗೂ ಕರ್ತವ್ಯವಿತ್ತು. ಪೇಟೆಯಲ್ಲಿ ಜನ ದಾಸ್ತಾನಿಗಾಗಿ ಬಡಿದಾಡುವಾಗ ಹಿರಿಯೂರಿನ ಸುತ್ತಮುತ್ತ ಈರುಳ್ಳಿ ಬೆಳೆದವರು ಕೊಳ್ಳುವವರಿಲ್ಲದೆ ಕಂಗೆಟ್ಟರು. ಈರುಳ್ಳಿಯು ಶ್ರಾವಕನಿಗೆ ಅಭಕ್ಷ್ಯವಿರಬಹುದು. ಬೆಳೆದವನ ಕಣ್ಣೀರು ಯಾರಿಗೂ ಉಪೇಕ್ಷಣೀಯವಲ್ಲ.

ಇನ್ನು ಸುದ್ದಿಯ ವಿಚಾರ. ಸತ್ಯಾಣುವ್ರತದ ಅತೀಚಾರಗಳಲ್ಲಿ ಮಿಥ್ಯೋಪದೇಶ, ರಹೋಭ್ಯಾಖ್ಯಾನ ಎಂಬ ಎರಡಿವೆ. ಇಂಥ ಕಷಾಯ ಕುಡಿದರೆ ರೋಗ ಬಾರದು, ಇಂಥ ದಿನ ವಿಷಾಣು ತಾನೇ ಸಾಯುವುದು ಎಂದು ಪರೀಕ್ಷಿಸದೆ ಮೊಬೈಲಿನಲ್ಲಿ ಹತ್ತು ಜನಕ್ಕೆ ಕಳುಹಿಸುವುದು ಮಿಥ್ಯೋಪದೇಶ. ಪ್ರತ್ಯೇಕವಾಸದಲ್ಲಿ ಇದ್ದವರ ವಿಳಾಸಗಳ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದ್ದು ರಹೋಭ್ಯಾಖ್ಯಾನ. ಒಳ್ಳೆಯ ಉದ್ದೇಶವಿತ್ತೆಂಬುದು ಇಲ್ಲಿ ಸಮಾಧಾನವಾಗದು. ದಿನವಿಡೀ ಟೆಲಿವಿಷನ್ನಿನ ಮುಂದೆ ಕುಳಿತು ಸಾವಿನ ಲೆಕ್ಕ ಕೇಳುತ್ತ ಮನಸ್ಸನ್ನು ಕದಡಿಕೊಳ್ಳುವುದು ಅನರ್ಥದಂಡದೊಳಗಿನ ದುಃಶ್ರುತಿ. ಇನ್ನೊಂದು ಅಂಗವಾದ ಅಮೂಢದೃಷ್ಟಿಗೆ ರೇವತೀ ರಾಣಿ ಮಾದರಿ. ಊರೆಲ್ಲ ಮಾಯೆಯ ದೇವರುಗಳ ಹಿಂದೆ ಓಡಿದಾಗ ಆಕೆ ಮನೆಯಲ್ಲಿಯೇ ಇದ್ದಳು. ಸುಳ್ಳು ಮದ್ದಿನ ಸುದ್ದಿ ಬಂದ ದಿನ ಕೈ ತಡೆದು ಸುಮ್ಮನಿದ್ದ ಗೃಹಿಣಿಯೂ ಆ ರೇವತಿಯ ದಾರಿಯಲ್ಲಿಯೇ ನಡೆದಳು.

ಮರಣದ ಹೊಸ್ತಿಲಲ್ಲಿ

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕೊನೆಯದು. ಜೈನ ಕುಟುಂಬದಲ್ಲಿ ಹಿರಿಯರ ಅಂತ್ಯಕಾಲದಲ್ಲಿ ಕಿವಿಯಲ್ಲಿ ಪಂಚನಮಸ್ಕಾರ ಹೇಳುವವರು ಇರಬೇಕೆಂಬುದು ಎಲ್ಲರ ಹಂಬಲ. ಮಹಾಮಾರಿಯು ಅದನ್ನೂ ಕಸಿದುಕೊಂಡಿತು. ಆಸ್ಪತ್ರೆಯಲ್ಲಿ ಒಂಟಿಯಾಗಿ ಸಾಯುವ ಅಂಜಿಕೆಯಿಂದ, ಚಿಕಿತ್ಸೆ ಬೇಡ, ಮನೆಯಲ್ಲಿಯೇ ಸಲ್ಲೇಖನ ಸಾಕೆಂದು ಆಲೋಚಿಸಿದ ವೃದ್ಧರೂ ಇದ್ದಿರಬಹುದು. ಅಂಥವರಿಗೆ ಶಾಸ್ತ್ರದ ಉತ್ತರ ನಿಸ್ಸಂದಿಗ್ಧ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಯಾವುದೇ ಆಗಲಿ, ಪ್ರತೀಕಾರವಿಲ್ಲದ್ದಾಗಿದ್ದರೆ ಮಾತ್ರ ಸಲ್ಲೇಖನಕ್ಕೆ ಕಾರಣವಾಗುವುದು. ವಾಸಿಯಾಗಬಲ್ಲ ರೋಗಕ್ಕೆ ಔಷಧವನ್ನು ನಿರಾಕರಿಸುವುದು ಭಯವನ್ನು ವ್ರತದ ಹೆಸರಿನಿಂದ ಕರೆದಂತೆ. ಉಪವಾಸದ ವಿಷಯದಲ್ಲಿಯೂ ಶಕ್ತಿಗನುಸಾರವಾದ ತಪವೇ ವಿಧಿ. ಜ್ವರದಲ್ಲಿ ಬಳಲಿದ ದೇಹಕ್ಕೆ ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸವನ್ನು ಹೇರುವುದು ಹಟ. ಆರೋಗ್ಯವಂತನು ಅವಮೋದರ್ಯದಿಂದ ಒಂದು ತುತ್ತು ಉಳಿಸಿ ಕೆಲಸ ಕಳೆದುಕೊಂಡವನ ಮನೆಗೆ ಒಂದು ಸೇರು ಮುಟ್ಟಿಸುವುದು ಆ ದಿನಗಳಿಗೆ ತಕ್ಕ ತಪ.

ಒಂಟಿತನದ ಮರಣಕ್ಕಾದರೋ ಪರಿಹಾರವು ಮರಣದ ದಿನ ದೊರೆಯದು. ಬಾಯಿಯ ಬಳಿ ಬೇರೊಬ್ಬರಿಲ್ಲದಾಗಲೂ ತಾನೇ ಮಂತ್ರವನ್ನು ನೆನೆಯಬಲ್ಲವನು, ದಿನದಿನವೂ ಸಾಮಾಯಿಕದಲ್ಲಿ ಒಂಟಿಯಾಗಿ ಕುಳಿತು ಅಭ್ಯಾಸ ಮಾಡಿದವನು ಮಾತ್ರ. ಏಕತ್ವಭಾವನೆಯನ್ನು ಬಾಯಿಪಾಠ ಮಾಡಿದವರು ಬಹಳ. ಅದು ಬೇಕಾಗುವ ರಾತ್ರಿ ಒಂದಿದೆಯೆಂಬುದನ್ನು ಮಹಾಮಾರಿಯು ನೆನಪಿಸಿತು.

ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡ ಶ್ರುತಕೇವಲಿ ಭದ್ರಬಾಹುಗಳು ಸಂಘಸಮೇತರಾಗಿ ದಕ್ಷಿಣಕ್ಕೆ ಬಂದು ಶ್ರವಣಬೆಳಗೊಳದಲ್ಲಿ ದೇಹತ್ಯಾಗ ಮಾಡಿದರೆಂಬುದು ಸಂಪ್ರದಾಯ. ಅವರೂ ಊರು ಬಿಟ್ಟವರೇ. ಪ್ರಾಣ ಉಳಿಸಿಕೊಳ್ಳಲು ವ್ರತ ಬಿಡುವ ಕಾಲ ಬರುವುದೆಂದು ತಿಳಿದು, ವ್ರತ ಉಳಿಸಿಕೊಳ್ಳಲು ಊರು ಬಿಟ್ಟರು. ಓಟಕ್ಕೂ ವಿಹಾರಕ್ಕೂ ಇರುವ ಭೇದ ಇದೇ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ, ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಅದು ಕಟ್ಟಿದ ಮೇಲೆ ಈ ಸೀಮೆಯ ಮೇಲೆ ಎಷ್ಟು ಬರಗಳು, ಎಷ್ಟು ಮಾರಿಗಳು ಹಾದುಹೋದವೋ. ಆ ಕಾಲದ ಶಾಸನಗಳು ದಾನಿಗಳನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೆ ಹೇಳುತ್ತವೆ. ಮಹಾಮಾರಿಯಲ್ಲಿ ಅನ್ನವನ್ನು ಕೊಡಲು ಹಣ ಬೇಕು, ಔಷಧಕ್ಕೆ ವೈದ್ಯನು ಬೇಕು. ಅಭಯವನ್ನು ಕೊಡಲು ಬಡವನಿಗೂ ಸಾಧ್ಯ. ಪಕ್ಕದ ಮನೆಯ ಜ್ವರಪೀಡಿತನ ಬಾಗಿಲಿಗೆ ದೂರದಿಂದಲೇ ಹೋಗಿ, ಏನು ಬೇಕೆಂದು ಒಮ್ಮೆ ಕೂಗಿ ಕೇಳಿದರೆ ಅಭಯದಾನವಾಯಿತು.

ಇಂಥ ದಿನಗಳು ಮತ್ತೆ ಬರುವುವು; ಯಾವ ಹೆಸರಿನಿಂದ, ಯಾವ ದಿಕ್ಕಿನಿಂದ ಎಂಬುದು ಮಾತ್ರ ತಿಳಿಯದು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ವ್ಯರ್ಥವೆಂದು ಹಿರಿಯರು ಹೇಳುತ್ತಿದ್ದರು. ಭಯವಿಲ್ಲದ ಇಂದಿನ ದಿನದಲ್ಲಿಯೇ ಪ್ರತಿ ಮನೆಯವರೂ ಕುಳಿತು ಮೂರು ಸಣ್ಣ ನಿಯಮಗಳನ್ನು ಮಾಡಿಕೊಳ್ಳಬಹುದು: ಸಂಕಟದ ಕಾಲದಲ್ಲಿ ಮನೆಗೆ ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದಿಲ್ಲ, ಪರೀಕ್ಷಿಸದ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ, ರೋಗಿಯಿಂದ ದೂರವಿದ್ದರೂ ರೋಗಿಯನ್ನು ದೂರ ಮಾಡುವುದಿಲ್ಲ. ಇವು ಉಪವಾಸಗಳಷ್ಟು ಕಠಿಣವಲ್ಲ, ಉದ್ಯಾಪನೆಯ ಖರ್ಚೂ ಇಲ್ಲ. ಆದರೆ ನೆಮ್ಮದಿಯಲ್ಲಿ ತೆಗೆದುಕೊಂಡ ನಿಯಮವು ಗಾಬರಿಯ ಮೊದಲ ರಾತ್ರಿಯಲ್ಲಿ ಕೈಹಿಡಿದು ನಡೆಸುವುದು. ಆ ರಾತ್ರಿ ಬಾಗಿಲನ್ನು ಮುಚ್ಚಲೇಬೇಕಾಗಿ ಬಂದರೂ, ಅದನ್ನು ಮುಚ್ಚುವ ಕೈ ಭಯದ್ದಾಗಿರುವುದಿಲ್ಲ.